ಮೊದಲು ಮುಗಿಯೋದು, ಕೊನೆಗೆ ಮಿಗೋದು

ಮೊದಲ ಪಿಯುಸಿ ಕೆಮಿಸ್ಟ್ರಿಯ ಮೊದಲ ಪಾಠದಲ್ಲೇ ಒಂದು ಲೆಕ್ಕ ಬರುತ್ತೆ. ಇದು ಇಷ್ಟು ಗ್ರಾಂ, ಅದು ಇಷ್ಟು ಗ್ರಾಂ. ಎರಡೂ ಸೇರಿದರೆ ಯಾವುದು ಮೊದಲು ಮುಗಿಯುತ್ತೆ? ಎಷ್ಟು ಹೊಸ ವಸ್ತು ತಯಾರಾಗುತ್ತೆ? ಇನ್ನೊಂದು ಎಷ್ಟು ಮಿಗುತ್ತೆ? ಇದೇ ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ. ಸಿಇಟಿ ಬರೆದವರೆಲ್ಲ ಒಂದಲ್ಲ ಒಂದು ಸಲ ಇದನ್ನು ಮಾಡಿರ್ತೀವಿ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿ, ಇಂಜಿನಿಯರಿಂಗ್ ಸೀಟು ತಗೊಂಡು, ಬೆಂಗಳೂರಿಗೆ ಬಂದು ಮರೆತೂ ಬಿಟ್ಟಿರ್ತೀವಿ.

ಆದರೆ ಈ ಲೆಕ್ಕಕ್ಕೆ ಒಂದು ಚರಿತ್ರೆ ಇದೆ. ಅದರ ಒಂದು ದೊಡ್ಡ ಅಧ್ಯಾಯ ನಡೆದಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಅದು ಇನ್ನೂ ಮುಗಿದಿಲ್ಲ ಅನ್ನೋದಕ್ಕೆ ಇದನ್ನು ಬರೀತಿದ್ದೀನಿ.

ಮೊದಲು ಲೆಕ್ಕ ನೆನಪು ಮಾಡಿಕೊಳ್ಳೋಣ. ಕೆಮಿಸ್ಟ್ರಿ ಬೇಡ, ಮದುವೆ ಮನೆಗೆ ಬನ್ನಿ. ತಾಂಬೂಲದ ಚೀಲ ಕಟ್ಟಬೇಕು. ಒಂದು ಚೀಲಕ್ಕೆ ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ತೆಂಗಿನಕಾಯಿ. ಮನೆಯಲ್ಲಿ 500 ಎಲೆ, 300 ಅಡಿಕೆ, 220 ಕಾಯಿ ಇದೆ. ಎಷ್ಟು ಚೀಲ ಆಗುತ್ತೆ? ಎಲೆಯಿಂದ ನೋಡಿದರೆ 250, ಅಡಿಕೆಯಿಂದ ನೋಡಿದರೆ 300, ಕಾಯಿಯಿಂದ ನೋಡಿದರೆ 220. ಇದರಲ್ಲಿ ಚಿಕ್ಕದು 220, ಅಲ್ಲಿಗೆ ನಿಂತಿತು. ಕಾಯಿ ಖಾಲಿ, 60 ಎಲೆ ಮತ್ತು 80 ಅಡಿಕೆ ಬಾಕಿ. ಎಲೆ ಇನ್ನೂ ಎರಡು ಕಟ್ಟು ತಂದು ಸುರಿದರೂ ಒಂದು ಚೀಲ ಜಾಸ್ತಿ ಆಗಲ್ಲ.

ಇಷ್ಟೇ ಲೆಕ್ಕ. ಇರೋದನ್ನು ಬೇಕಾದ ಪಾಲಿನಿಂದ ಭಾಗಿಸು, ಬಂದ ಉತ್ತರಗಳಲ್ಲಿ ಚಿಕ್ಕದನ್ನು ಹಿಡಿ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಒಂದು ಸಾಲಿನ ಕೋಡ್. ಕೆಮಿಸ್ಟ್ರಿಯಲ್ಲಿ ಒಂದೇ ತೊಡಕು: ಅಲ್ಲಿ ಎಲೆ ಅಡಿಕೆಯ ಹಾಗೆ ಎಣಿಸೋಕೆ ಆಗಲ್ಲ, ತೂಗಬೇಕು. ಒಂದು ಡಜನ್ ನಿಂಬೆಹಣ್ಣು, ಒಂದು ಡಜನ್ ಹಲಸಿನಹಣ್ಣು. ಎಣಿಕೆ ಒಂದೇ, ತೂಕ ಎಲ್ಲಿಂದೆಲ್ಲಿಗೆ! ಹಾಗಾಗಿ ಗ್ರಾಂ ಅನ್ನು ಮೋಲ್ ಅನ್ನೋ ಎಣಿಕೆಗೆ ತಿರುಗಿಸಿ, ಆಮೇಲೆ ಭಾಗಿಸಬೇಕು. ತೂಕ ನೋಡಿ ಇದು ಕಮ್ಮಿ ಇದೆ, ಇದೇ ಮೊದಲು ಮುಗಿಯುತ್ತೆ ಅಂತ ಹೇಳಿದವರು ಪರೀಕ್ಷೆಯಲ್ಲಿ ಸಿಕ್ಕಿಬೀಳೋದು ಇಲ್ಲೇ.

ಬೆಂಕಿ ಹಚ್ಚೋಕೆ ಮುಂಚೆ ತೂಗಿ ನೋಡೋ ಈ ಬುದ್ಧಿ ಕೆಮಿಸ್ಟ್ರಿಗಿಂತ ತುಂಬಾ ಹಳೇದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಗೊತ್ತಾಗುತ್ತೆ. ಊರೊಳಗೆ ಕಾಲಿಡೋ ಮುಂಚೆಯೇ ಉಳಿ ಸುತ್ತಿಗೆ ಸದ್ದು ಕೇಳುತ್ತೆ, ಈಗೀಗ ಅದರ ಜೊತೆ ಕಲ್ಲು ಕೊಯ್ಯೋ ಮಷೀನಿನ ಸದ್ದೂ ಇರುತ್ತೆ. ರಸ್ತೆ ಪಕ್ಕದಲ್ಲಿ ಅರ್ಧ ಮೂಡಿದ ಗಣೇಶ, ಮುಖ ಬಾಕಿ ಇರೋ ಆಂಜನೇಯ ನಿಂತಿರ್ತಾರೆ. ಗಂಗರ ದೊರೆ ಶಿವಮಾರನ ಹೆಸರಿನಿಂದ ಊರಿಗೆ ಈ ಹೆಸರು ಬಂತು ಅನ್ನೋ ಮಾತಿದೆ. ಇಲ್ಲಿನ ಶಿಲ್ಪಿ ಮನೆತನಗಳು ಕಲ್ಲಿನ ಜೊತೆಗೆ ಪಂಚಲೋಹದ ಕೆಲಸವನ್ನೂ ಬಲ್ಲವು.

ಕಲ್ಲಿನ ಕೆಲಸದಲ್ಲಿ ತೆಗೆಯೋದೊಂದೇ, ಸೇರಿಸೋದು ಅಂತ ಇಲ್ಲ. ಎರಕದ ಕೆಲಸ ಹಾಗಲ್ಲ. ಮೊದಲು ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ಮಾಡ್ತಾರೆ. ಅದರ ಮೇಲೆ ನಯವಾದ ಮಣ್ಣು, ಆಮೇಲೆ ಒರಟು ಮಣ್ಣು, ಹೀಗೆ ಪದರ ಪದರವಾಗಿ ಮೆತ್ತಿ ಒಣಗಿಸ್ತಾರೆ. ಬಿಸಿ ಮಾಡಿದರೆ ಮೇಣ ಕರಗಿ ಹೊರಗೆ ಹರಿದು ಹೋಗುತ್ತೆ, ಒಳಗೆ ಮೂರ್ತಿಯ ಆಕಾರದ ಖಾಲಿ ಜಾಗ ಉಳಿಯುತ್ತೆ. ಆ ಖಾಲಿ ಜಾಗಕ್ಕೆ ಕಾದ ಲೋಹ ಹೊಯ್ಯಬೇಕು. ಒಂದೇ ಸಲಕ್ಕೆ, ನಿಲ್ಲಿಸದೆ ಹೊಯ್ಯಬೇಕು. ಭುಜದವರೆಗೆ ಬಂದು ಮೂಸೆ ಖಾಲಿಯಾಯಿತು ಅಂದುಕೊಳ್ಳಿ, ಇನ್ನೊಂದು ಮೂಸೆ ಕರಗಿಸಿ ತರುವಷ್ಟರಲ್ಲಿ ಮೊದಲಿನದು ಗಟ್ಟಿಯಾಗಿರುತ್ತೆ. ಎರಡೂ ಬೆಸೆಯಲ್ಲ. ವಾರಗಟ್ಟಲೆ ಮಾಡಿದ ಮೇಣದ ಕೆಲಸ ಹೋಯಿತು, ಅಚ್ಚೂ ಹೋಯಿತು.

ಅದಕ್ಕೇ ಮಣ್ಣು ಮೆತ್ತುವ ಮೊದಲು ಮೇಣದ ಮೂರ್ತಿಯನ್ನು ತೂಗ್ತಾರೆ. ಮೇಣದ ತೂಕದಿಂದ ಲೋಹದ ತೂಕ ಸಿಗುತ್ತೆ. ಒಂದು ಲೀಟರ್ ಮೇಣ ಒಂದು ಕೆಜಿಗಿಂತ ಸ್ವಲ್ಪ ಕಮ್ಮಿ, ಒಂದು ಲೀಟರ್ ಹಿತ್ತಾಳೆ ಸುಮಾರು ಎಂಟೂವರೆ ಕೆಜಿ. ಅಂದ್ರೆ ಒಂದು ಕೆಜಿ ಮೇಣದ ಜಾಗ ತುಂಬೋಕೆ ಒಂಬತ್ತು ಕೆಜಿ ಹತ್ತಿರ ಹಿತ್ತಾಳೆ ಬೇಕು, ಲೋಹ ಹರಿಯೋ ಕಾಲುವೆಗಳಿಗೆ ಇನ್ನೊಂದಿಷ್ಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಈ ಲೆಕ್ಕ ಇದೆ: ಯಾವ ಲೋಹಕ್ಕೆ ಮೇಣದ ಎಷ್ಟು ಪಟ್ಟು ತಗೋಬೇಕು ಅಂತ ಬೇರೆ ಬೇರೆಯಾಗಿ ಹೇಳಿದೆ. ಎರಕ ಅನ್ನೋದು ರಾಸಾಯನಿಕ ಕ್ರಿಯೆ ಅಲ್ಲ, ಒಪ್ತೀನಿ. ಆದರೆ ಪ್ರಶ್ನೆ ಅದೇ: ಕೆಲಸ ಶುರುವಾದ ಮೇಲೆ ನಡುವೆ ಯಾವುದು ಮುಗಿದುಬಿಡಬಹುದು?

ಯುರೋಪಿನಲ್ಲಿ ಈ ಪ್ರಶ್ನೆಯನ್ನು ರಾಸಾಯನಿಕ ಕ್ರಿಯೆಗೆ ಕೇಳಿದವರಲ್ಲಿ ಮೊದಲಿಗ ಜರ್ಮನಿಯ ಯೆರೆಮಿಯಾಸ್ ರಿಕ್ಟರ್. ಇಷ್ಟು ಆಮ್ಲಕ್ಕೆ ಇಷ್ಟೇ ಕ್ಷಾರ ಬೇಕು, ಈ ಪ್ರಮಾಣ ಬದಲಾಗಲ್ಲ ಅಂತ ತೂಗಿ ತೂಗಿ ತೋರಿಸಿದ. 1792ರಲ್ಲಿ ಈ ವಿದ್ಯೆಗೆ ಸ್ಟಾಯ್ಕಿಯೋಮೆಟ್ರಿ ಅಂತ ಹೆಸರಿಟ್ಟ. ಪ್ರಮಾಣ ಯಾಕೆ ಬದಲಾಗಲ್ಲ ಅನ್ನೋದಕ್ಕೆ 1808ರಲ್ಲಿ ಡಾಲ್ಟನ್ ತನ್ನ ಪುಸ್ತಕದಲ್ಲಿ ಪರಮಾಣುಗಳ ಮೂಲಕ ಉತ್ತರ ಕೊಟ್ಟ. ಆಮೇಲೆ ಇದು ಹೊಲಕ್ಕೂ ಇಳಿಯಿತು. ಗಿಡದ ಬೆಳವಣಿಗೆ ನಿಲ್ಲೋದು ಒಟ್ಟು ಗೊಬ್ಬರ ಎಷ್ಟಿದೆ ಅನ್ನೋದರ ಮೇಲಲ್ಲ, ಯಾವ ಪೋಷಕ ಎಲ್ಲಕ್ಕಿಂತ ಕೊರತೆ ಇದೆಯೋ ಅದರ ಮೇಲೆ ಅಂತ ಸ್ಪ್ರೆಂಗೆಲ್ ಹೇಳಿದ, ಲೀಬಿಗ್ ಜಗತ್ತಿಗೆಲ್ಲ ಸಾರಿದ. ಸತು ಕಮ್ಮಿ ಇರೋ ಹೊಲಕ್ಕೆ ಯೂರಿಯಾ ಮೇಲೆ ಯೂರಿಯಾ ಸುರಿದರೆ ಪೈರು ಯಾಕೆ ಮೇಲೇಳಲ್ಲ ಅನ್ನೋದಕ್ಕೂ ಇದೇ ಉತ್ತರ.

ಪಂಚಲೋಹದಲ್ಲಿ ತಾಮ್ರದ್ದೇ ದೊಡ್ಡ ಪಾಲು, ಬಂಗಾರ ಒಂದು ಚೂರು. ಆ ಬಂಗಾರದ ಕತೆ ಶಿವಾರಪಟ್ಟಣದಿಂದ ದೂರ ಏನಿಲ್ಲ. ಮಾಲೂರಿನಲ್ಲಿ ರೈಲು ಹತ್ತಿದರೆ ಟೇಕಲ್ ದಾಟಿ ಬಂಗಾರಪೇಟೆ. ಅಲ್ಲಿಂದ ಕವಲೊಡೆಯೋ ಹಳಿ ಕೆಜಿಎಫ್ ಮೇಲೆ ಹಾದು ಮಾರಿಕುಪ್ಪಂನಲ್ಲಿ ಮುಗಿಯುತ್ತೆ. ಗಣಿಗಾಗಿಯೇ ಹಾಕಿದ ಹಳಿ ಅದು.

ಟಿಪ್ಪು ಸತ್ತ ಮೇಲೆ ಮೈಸೂರಿನ ಗಡಿ ಅಳೆಯೋಕೆ ಬಂದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಈ ಕಡೆ ಮಣ್ಣಿನಲ್ಲಿ ಬಂಗಾರ ಸಿಗುತ್ತೆ ಅನ್ನೋ ಮಾತು ಕೇಳಿ ಹುಡುಕಿಸಿದ. ಊರಿನ ಜನ ಮಣ್ಣು ತೊಳೆದು ಬಂಗಾರದ ಕಣ ತೆಗೆದು ತೋರಿಸಿದರು. ಅವರಿಗೆ ಅದು ಹೊಸ ವಿದ್ಯೆ ಆಗಿರಲಿಲ್ಲ. 1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಅನ್ನೋ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿ ತೋಡೋ ಪರವಾನಗಿ ತಗೊಂಡ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. ಮೊದಲ ವರ್ಷಗಳಲ್ಲಿ ತೋಡಿದ್ದೇ ತೋಡಿದ್ದು, ಬಂಗಾರ ಮಾತ್ರ ಇಲ್ಲ. 1880ರ ದಶಕದ ನಡುವೆ ಮೈಸೂರು ಮೈನ್‌ನ ದುಡ್ಡು ಮುಗೀತಾ ಬಂದಿತ್ತು. ಆಗ ಕ್ಯಾಪ್ಟನ್ ಪ್ಲಮ್ಮರ್ ಅನ್ನೋ ಗಣಿಗಾರ, ನಮ್ಮ ಹಿಂದಿನವರು ತೋಡಿ ಬಿಟ್ಟಿದ್ದ ಹಳೇ ಗುಂಡಿಗಳ ಜಾಡು ಹಿಡಿದು ಇನ್ನೂ ಕೆಳಗಿಳಿದ. ಚಾಂಪಿಯನ್ ಲೋಡ್ ಸಿಕ್ಕಿತು. ಲೋಡ್ ಅಂದ್ರೆ ಬಂಡೆಯೊಳಗೆ ಹರಿದಿರೋ ಅದಿರಿನ ಪಟ್ಟಿ.

ಅದಿರು ಸಿಕ್ಕ ಮಾತ್ರಕ್ಕೆ ಬಂಗಾರ ಸಿಕ್ಕಿದ ಹಾಗಲ್ಲ. ಕಲ್ಲನ್ನು ಕುಟ್ಟಿ ಪುಡಿ ಮಾಡಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸ್ತಿದ್ದರು. ಬಂಗಾರದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತೆ. ಆದರೆ ತೀರಾ ಸಣ್ಣ ಕಣಗಳು ಅಂಟದೆ ಮರಳಿನ ಜೊತೆ ಹರಿದು ಹೋಗ್ತಿದ್ದವು. ಕಣ್ಣಿಗೆ ಕಾಣದ ಬಂಗಾರ ತುಂಬಿದ ಮರಳು ಗಣಿ ಪಕ್ಕದಲ್ಲಿ ರಾಶಿ ಬೀಳ್ತಿತ್ತು.

ಆ ಮರಳಿನಿಂದ ಬಂಗಾರ ತೆಗೆಯೋ ದಾರಿ ತೋರಿಸಿದ್ದು ಸಯನೈಡ್. ಸಯನೈಡ್ ದ್ರಾವಣದಲ್ಲಿ ಬಂಗಾರ ಕರಗುತ್ತೆ ಅನ್ನೋದು 18ನೇ ಶತಮಾನದ ಕೊನೆಗೇ ಶೇಲೆಗೆ ಗೊತ್ತಿತ್ತು. 1846ರಲ್ಲಿ ಎಲ್ಸ್‌ನರ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ, ಗಾಳಿಯಲ್ಲಿರೋ ಆಮ್ಲಜನಕ ಇಲ್ಲದೆ ಇದು ನಡೆಯಲ್ಲ ಅಂತ ತೋರಿಸಿದ. ಫ್ಯಾರಡೆ 1857ರಲ್ಲಿ ಬಂಗಾರದ ತೆಳು ಹಾಳೆಯನ್ನು ಸಯನೈಡ್ ದ್ರಾವಣದ ಮೇಲೆ ತೇಲಿಬಿಟ್ಟು ನೋಡಿದ. ಮುಳುಗಿಸಿದ ಹಾಳೆಗಿಂತ ಗಾಳಿಗೆ ತಾಗಿಕೊಂಡು ತೇಲೋ ಹಾಳೆ ಬೇಗ ಕರಗಿತು. ಕೊನೆಗೆ 1887ರಲ್ಲಿ ಗ್ಲಾಸ್ಗೋದ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಇದನ್ನು ಕಾರ್ಖಾನೆಯ ವಿಧಾನವಾಗಿ ಮಾಡಿ ಪೇಟೆಂಟ್ ತಗೊಂಡರು. ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳ ಗಣಿಗಳನ್ನು ಬದುಕಿಸಿದ ಈ ವಿಧಾನ ಕೋಲಾರಕ್ಕೂ ಬಂತು.

ಎಲ್ಸ್‌ನರ್ ಹೆಸರಿನಲ್ಲಿರೋ ಸಮೀಕರಣವನ್ನು ಮಾತಿನಲ್ಲಿ ಹೇಳೋದಾದ್ರೆ ಇಷ್ಟು: 4 ಬಂಗಾರ, 8 ಸೋಡಿಯಂ ಸಯನೈಡ್, 1 ಆಮ್ಲಜನಕ, 2 ನೀರು. ಇವು ಸೇರಿದರೆ ಬಂಗಾರ ನೀರಿನಲ್ಲಿ ಕರಗೋ ರೂಪಕ್ಕೆ ಬರುತ್ತೆ. ತಾಂಬೂಲದ ಲೆಕ್ಕದ ಹಾಗೇ ಇದನ್ನು ಮಾಡೋಣ. ಒಂದು ಕೆಜಿ ಅದಿರಿನ ಪುಡಿ, ಒಂದು ಲೀಟರ್ ದ್ರಾವಣ. ಅದಿರು ಟನ್ನಿಗೆ 10 ಗ್ರಾಂ ಬಂಗಾರ ಇರೋದು, ಅಂದ್ರೆ ಕೆಜಿಗೆ 10 ಮಿಲಿಗ್ರಾಂ. ದ್ರಾವಣದಲ್ಲಿ 500 ಮಿಲಿಗ್ರಾಂ ಸೋಡಿಯಂ ಸಯನೈಡ್ ಹಾಕಿದ್ದೀವಿ. ಗಾಳಿಯಿಂದ ನೀರಿಗೆ ಸೇರೋ ಆಮ್ಲಜನಕ ನಾವು ಎಷ್ಟು ಬೇಕು ಅಂದರೂ ಲೀಟರಿಗೆ 8 ಮಿಲಿಗ್ರಾಂ ಆಸುಪಾಸು.

ಮೊದಲ ಹೆಜ್ಜೆ, ಎಣಿಕೆಗೆ ತಿರುಗಿಸೋದು. ಬಂಗಾರದ ಮೋಲ್ ತೂಕ 197, ಸೋಡಿಯಂ ಸಯನೈಡಿನದು 49, ಆಮ್ಲಜನಕದ್ದು 32. ಭಾಗಿಸಿದರೆ ಬಂಗಾರ 0.05 ಮಿಲಿಮೋಲ್, ಸಯನೈಡ್ 10.2, ಆಮ್ಲಜನಕ 0.25. ಎರಡನೇ ಹೆಜ್ಜೆ, ಪಾಲಿನಿಂದ ಭಾಗಿಸೋದು. ಬಂಗಾರಕ್ಕೆ 4ರಿಂದ, ಬಂತು 0.013. ಸಯನೈಡಿಗೆ 8ರಿಂದ, ಬಂತು 1.28. ಆಮ್ಲಜನಕಕ್ಕೆ 1ರಿಂದ, 0.25 ಹಾಗೇ ಉಳಿಯಿತು. ಚಿಕ್ಕದು ಯಾವುದು? ಬಂಗಾರ.

ಗಣಿಯವರಿಗೆ ಬೇಕಾಗಿದ್ದೂ ಇದೇ. ದುಬಾರಿ ವಸ್ತು ಮೊದಲು ಮುಗಿಯಬೇಕು, ಅಗ್ಗದ್ದು ಹೆಚ್ಚಾಗಿ ಹಾಕಿರಬೇಕು. ಪರೀಕ್ಷೆಯಲ್ಲಿ ಲಿಮಿಟಿಂಗ್ ರಿಯೇಜೆಂಟ್ ಯಾವುದು ಅಂತ ಕಂಡುಹಿಡೀತೀವಿ. ಕಾರ್ಖಾನೆಯಲ್ಲಿ ಅದು ಯಾವುದಾಗಿರಬೇಕು ಅಂತ ಮೊದಲೇ ತೀರ್ಮಾನ ಮಾಡಿರ್ತಾರೆ. ಪುಸ್ತಕದ ಲೆಕ್ಕಕ್ಕೂ ಗಣಿಯ ಲೆಕ್ಕಕ್ಕೂ ಇರೋ ವ್ಯತ್ಯಾಸ ಇದು.

ಈಗ ಬಂಗಾರವನ್ನು ಬಿಟ್ಟು ಉಳಿದ ಎರಡನ್ನು ನೋಡಿ. ಸಯನೈಡ್ 1.28, ಆಮ್ಲಜನಕ 0.25. ಸಯನೈಡ್ ಐದು ಪಟ್ಟು ಜಾಸ್ತಿ ಇದೆ. ಅದಿರಿನಲ್ಲಿ ಬಂಗಾರದ ಜೊತೆಗೆ ಗಂಧಕದ ಖನಿಜಗಳೂ ಇರುತ್ತವೆ. ಅವು ಸಮೀಕರಣದಲ್ಲಿ ಎಲ್ಲೂ ಕಾಣಲ್ಲ, ಆದರೆ ಕರೆಯದೆ ಬಂದ ನೆಂಟರ ಹಾಗೆ ಪಂಕ್ತಿಯಲ್ಲಿ ಮೊದಲೇ ಕೂತು ಆಮ್ಲಜನಕವನ್ನು ಖಾಲಿ ಮಾಡ್ತವೆ. ಆಗ ಬಂಗಾರ ಕರಗೋದು ನಿಧಾನವಾಗಿ ನಿಂತುಬಿಡುತ್ತೆ. ಇಂಥ ಹೊತ್ತಲ್ಲಿ ಇನ್ನಷ್ಟು ಸಯನೈಡ್ ಸುರಿಯೋದು, 220 ಕಾಯಿ ಇಟ್ಟುಕೊಂಡು ವೀಳ್ಯದೆಲೆ ತರೋಕೆ ಮಾರ್ಕೆಟ್ಟಿಗೆ ಓಡಿದ ಹಾಗೆ. ಬೇಕಾಗಿರೋದು ಗಾಳಿ. ಅದಕ್ಕೇ ಸಯನೈಡ್ ತೊಟ್ಟಿಗಳಲ್ಲಿ ದ್ರಾವಣವನ್ನು ಆಗಾಗ ಪೂರ್ತಿ ಬಸಿದು ಮರಳಿಗೆ ಗಾಳಿ ಆಡೋಕೆ ಬಿಡೋ ಪದ್ಧತಿ ಬಂತು, ಆಮೇಲೆ ಕೆಳಗಿನಿಂದ ಗಾಳಿ ಊದಿ ಕಲಕೋ ತೊಟ್ಟಿಗಳು ಬಂದವು. ದುಡ್ಡು ಕೊಟ್ಟು ಹಡಗಿನಲ್ಲಿ ತರಿಸಿದ ವಿಷ ಧಾರಾಳವಾಗಿದೆ, ಪುಕ್ಕಟೆ ಸಿಗೋ ಗಾಳಿಗೆ ಬರ. ಮಿತಿ ಅನ್ನೋದು ಬೆಲೆ ನೋಡಿ ಬರಲ್ಲ.

ಕೆಜಿಎಫ್‌ನ ಇಡೀ ಚರಿತ್ರೆಯನ್ನೇ ಹೀಗೆ ಓದಬಹುದು. ಒಂದು ಮಿತಿ ದಾಟಿದರೆ ಇನ್ನೊಂದು ಎದುರಿಗೆ ಬರುತ್ತೆ. ಪ್ರೊಡಕ್ಷನ್‌ನಲ್ಲಿ ಒಂದು ಬಾಟಲ್‌ನೆಕ್ ಸರಿ ಮಾಡಿದ ಮಾರನೇ ದಿನ ಇನ್ನೊಂದು ಹಾಜರಾಗೋದನ್ನು ನೋಡಿದವರಿಗೆ ಇದು ಹೊಸದಲ್ಲ. ಮೊದಲು ದುಡ್ಡು, ಆಮೇಲೆ ಅದಿರು. ಅದಿರು ಸಿಕ್ಕ ಮೇಲೆ ಶಕ್ತಿ. ಯಂತ್ರಗಳಿಗೆ ಉರಿಸೋಕೆ ಸೌದೆ, ಕಲ್ಲಿದ್ದಲು ಸಾಲದಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಗಣಿಗೆ ಕರೆಂಟ್ ಬಂತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ, ಅಂದ್ರೆ ಗಣಿಗೆ ಬಂದ ಮೂರು ವರ್ಷಕ್ಕೆ. ಆಮೇಲೆ ನೀರು. ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಗಣಿ ಊರಿಗೆ ನೀರು ತಂದರು.

ಆಮೇಲೆ ಬಂದಿದ್ದು ಆಳ. ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದ ಹಾಗೆ ಸಿಡಿಯುತ್ತೆ. ತಂಪು ಗಾಳಿ ಕಳಿಸೋ ಯಂತ್ರ ಹಾಕಿ ಅದನ್ನೂ ಒಂದು ಮಟ್ಟಕ್ಕೆ ದಾಟಿದರು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು. ಅಷ್ಟರಲ್ಲಿ ಅದಿರಿನಲ್ಲಿರೋ ಬಂಗಾರವೇ ಕಮ್ಮಿಯಾಗ್ತಾ ಬಂದಿತ್ತು. ಒಂದು ಗ್ರಾಂ ತೆಗೆಯೋ ಖರ್ಚು ಅದರ ಬೆಲೆಯನ್ನು ಮೀರಿತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಹೊರಬಂದ ಬಂಗಾರ ಸುಮಾರು 800 ಟನ್.

ಕಂಪನಿಗಳ ಚರಿತ್ರೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತೆ. ಎಷ್ಟು ತಯಾರಾಯಿತು ಅನ್ನೋ ಉತ್ತರ ಸಿಕ್ಕಿತಲ್ಲ! ಆದರೆ ಪ್ರಶ್ನೆಯಲ್ಲಿ ಇನ್ನೊಂದು ಸಾಲು ಇತ್ತು: ಎಷ್ಟು ಮಿಗುತ್ತೆ? ಪರೀಕ್ಷೆಯಲ್ಲಿ ಅದಕ್ಕೆ ಒಂದು ಮಾರ್ಕ್ಸ್. ಹೊತ್ತಾದರೆ ಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗೋ ಸಾಲು ಅದು.

ನಮ್ಮ ಒಂದು ಲೀಟರಿನ ಲೆಕ್ಕಕ್ಕೆ ಆ ಸಾಲನ್ನು ಹಾಕಿ ನೋಡಿ. 0.05 ಮಿಲಿಮೋಲ್ ಬಂಗಾರಕ್ಕೆ ಅದರ ಎರಡು ಪಟ್ಟು, ಅಂದ್ರೆ 0.1 ಮಿಲಿಮೋಲ್ ಸಯನೈಡ್ ಸಾಕು. ಹಾಕಿದ್ದು 10.2. ಸಮೀಕರಣದ ಪ್ರಕಾರ ಬಂಗಾರಕ್ಕೆ ಖರ್ಚಾಗಿದ್ದು ನೂರರಲ್ಲಿ ಒಂದು ಪಾಲು. ಉಳಿದ 99 ಪಾಲು? ಸತುವಿನಿಂದ ಬಂಗಾರ ಬೇರ್ಪಡಿಸಿ, ದ್ರಾವಣವನ್ನು ಮತ್ತೆ ಮತ್ತೆ ಬಳಸ್ತಾರೆ. ಒಂದಿಷ್ಟನ್ನು ಅದಿರಿನ ತಾಮ್ರ, ಕಬ್ಬಿಣ ತಿನ್ನುತ್ತವೆ. ಒಂದಿಷ್ಟು ಒದ್ದೆ ಮರಳಿಗೆ ಅಂಟಿಕೊಂಡು ಹೊರಗೆ ಹೋಗುತ್ತೆ. ಆ ಮರಳು ಎಲ್ಲಿಗೆ ಹೋಯಿತು ಅಂತ ಕೆಜಿಎಫ್‌ನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ತಲೆ ಎತ್ತಿದರೆ ಕಾಣುತ್ತೆ. ಊರಿನ ಜನ ಅದನ್ನು ಸಯನೈಡ್ ದಿಬ್ಬ ಅಂತಾರೆ. ಯಶ್ ಸಿನಿಮಾದಲ್ಲಿ ನೀವು ನೋಡಿದ ಬೂದು ಮಣ್ಣು ಅದೇ. ಹುಲ್ಲು ಸರಿಯಾಗಿ ಹುಟ್ಟಲ್ಲ, ಗಾಳಿ ಕಾಲದಲ್ಲಿ ಧೂಳು ಎದ್ದು ಮನೆ ಒಳಗೆ ಬರುತ್ತೆ. ಮೂರು ಕೋಟಿ ಟನ್ನಿಗೂ ಹೆಚ್ಚು ಇದೆ. 800 ಟನ್ ಬಂಗಾರದ ಪಕ್ಕದಲ್ಲಿ ಈ ಮೂರು ಕೋಟಿಯನ್ನೂ ಬರೆದರೆ ಮಾತ್ರ ಆ ಲೆಕ್ಕ ಪೂರ್ತಿ ಆಗೋದು.

ಮಿಕ್ಕಿದ್ದು ಮಣ್ಣೊಂದೇ ಅಲ್ಲ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಮೂರು ನಾಲ್ಕು ತಲೆಮಾರಿನ ಹಿಂದೆ ಬಂದು ಕತ್ತಲೆಗೆ ಇಳಿದ ಕುಟುಂಬಗಳು, ತಗಡಿನ ಸಾಲು ಮನೆಗಳು, ಕಲ್ಲಿನ ಧೂಳು ತುಂಬಿ ಸಿಲಿಕೋಸಿಸ್ ಆದ ಶ್ವಾಸಕೋಶಗಳು. ಗಣಿ ನಡೀತಿದ್ದಾಗ ಇವರಿಲ್ಲದೆ ಒಂದು ದಿನ ಸಾಗ್ತಿರಲಿಲ್ಲ. ಬಂಗಾರ ಮುಗಿದ ದಿನ ಸಮೀಕರಣದ ಇನ್ನೊಂದು ಪಕ್ಕದಲ್ಲಿ ಇವರಿಗೆ ಜಾಗ ಇರಲಿಲ್ಲ. ಈಗ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡೋ ರೈಲುಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಬಂದು, ರಾತ್ರಿ ವಾಪಸ್ ಹೋಗ್ತಾರೆ. ನಿಮ್ಮ ಆಫೀಸಿನ ಸೆಕ್ಯುರಿಟಿಯಲ್ಲೋ, ಹೌಸ್‌ಕೀಪಿಂಗ್‌ನಲ್ಲೋ, ನಿಮ್ಮ ಟೀಮಿನಲ್ಲೇ ಒಬ್ಬರೋ ಆ ರೈಲಿನವರು ಇರಬಹುದು, ಒಮ್ಮೆ ಮಾತಾಡಿಸಿ ನೋಡಿ. ಪ್ರಾಜೆಕ್ಟ್ ಮುಗಿದು ಬೆಂಚ್ ಮೇಲೆ ಕೂತ ನಮಗೂ ಆ ಭಾವನೆ ಒಂದು ಚೂರು ಗೊತ್ತು. ವ್ಯತ್ಯಾಸ ಏನಂದ್ರೆ, ನಮ್ಮ ಬೆಂಚ್ ಕೆಲವು ತಿಂಗಳದ್ದು. ಅವರದ್ದು 2001ರಿಂದ.

ಒಂದು ಕಡೆ ಮಿಕ್ಕಿದ್ದೇ ಇನ್ನೊಂದು ಕಡೆ ಮಿತಿ ಆಗಿರೋ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆಯ ರೈತರನ್ನು ಕೇಳಿದರೂ ಮಣ್ಣು ಇದೆ, ಕೈ ಇದೆ, ಮಾರ್ಕೆಟ್ ಇದೆ, ನೀರಿಲ್ಲ ಅಂತಾರೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಜಿಲ್ಲೆ ಇದು. ಬೆಂಗಳೂರಿಗೆ ನೀರು ಬಳಸಿ ಮಿಕ್ಕಿದ್ದೇ ತಲೆನೋವು. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸ್ತಿದ್ದಾರೆ. ಒಣಗಿ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ನೀರು ನಿಂತಿದೆ, ಸುತ್ತಲ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಅಂತ ಖುಷಿ ಪಡೋರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ, ಆ ನೀರಿನ ಜೊತೆ ಇನ್ನೇನು ಬರ್ತಿದೆ ಅಂತ ಕೇಳೋರೂ ಇದ್ದಾರೆ. ಇಬ್ಬರೂ ಒಂದೇ ಲೆಕ್ಕದ ಎರಡು ಸಾಲು ಓದ್ತಿದ್ದಾರೆ. ಮೊದಲನೆಯವರು ಕೊರತೆಯ ಸಾಲು, ಎರಡನೆಯವರು ಮಿಕ್ಕಿದ್ದರ ಸಾಲು. ಎರಡನೆಯವರನ್ನು ಅಭಿವೃದ್ಧಿ ವಿರೋಧಿಗಳು ಅಂತ ಬಾಯಿ ಮುಚ್ಚಿಸೋದು ಸುಲಭ. ಕೆಜಿಎಫ್‌ನಲ್ಲಿ ಆ ಎರಡನೇ ಸಾಲನ್ನು ಓದದೆ ಬಿಟ್ಟಿದ್ದರ ಫಲ ಈಗಲೂ ಗಾಳಿ ಬೀಸಿದಾಗಲೆಲ್ಲ ಕಣ್ಣಿಗೆ ಬೀಳ್ತಿದೆ.

ಈಗ ಆ ದಿಬ್ಬಗಳಿಗೇ ಮತ್ತೆ ಬೆಲೆ ಬಂದಿದೆ. ಬಂಗಾರದ ರೇಟು ಎಲ್ಲಿಗೆ ಹೋಗಿದೆ ಅಂತ ಅಕ್ಷಯ ತೃತೀಯಕ್ಕೆ ಅಂಗಡಿಗೆ ಹೋದವರಿಗೆ ಗೊತ್ತು. ದಿಬ್ಬದ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಮ್ಮಿ ಬಂಗಾರ ಇದ್ದರೂ, ಮೂರು ಕೋಟಿ ಟನ್ನಿಂದ ಗುಣಿಸಿದರೆ ಟನ್‌ಗಟ್ಟಲೆ ಆಗುತ್ತೆ. 13 ದಿಬ್ಬಗಳನ್ನು ಹರಾಜು ಹಾಕೋ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಶುರುವಾದರೆ ಊರಿಗೆ ಒಂದಿಷ್ಟು ಉದ್ಯೋಗ ಬರಬಹುದು, ಬರಲಿ. ಆದರೆ ಸಮೀಕರಣ ಬದಲಾಗಿಲ್ಲ. ಅದೇ 4, ಅದೇ 8, ಅದೇ 1. ಅದಿರು ತೆಳುವಾದಷ್ಟೂ ಒಂದು ಗ್ರಾಂ ಬಂಗಾರಕ್ಕೆ ತೊಳೆಯಬೇಕಾದ ಮಣ್ಣು ಜಾಸ್ತಿ, ಆ ಮಣ್ಣಿಗೆ ಬೇಕಾದ ನೀರೂ ಜಾಸ್ತಿ, ಮಿಗೋ ಪಾಲೂ ಜಾಸ್ತಿ.

ಟೆಂಡರ್ ಕಾಗದದಲ್ಲಿ ಎಷ್ಟು ಬಂಗಾರ ಬರುತ್ತೆ ಅನ್ನೋ ಸಾಲು ಖಂಡಿತ ಇರುತ್ತೆ. ಶಿವಾರಪಟ್ಟಣದಲ್ಲಿ ಮೇಣ ತೂಗದೆ ಯಾರೂ ಕುಲುಮೆಗೆ ಬೆಂಕಿ ಹಾಕಲ್ಲ. ಇಲ್ಲೂ ಮೊದಲ ಬುಟ್ಟಿ ಮಣ್ಣು ಎತ್ತೋ ಮುಂಚೆ, ಈ ಸಲ ನೀರು ಎಲ್ಲಿಂದ ಬರುತ್ತೆ, ತೊಳೆದ ಮಣ್ಣು ಯಾರ ಮನೆ ಹಿಂದೆ ಬೀಳುತ್ತೆ, ಅದರಲ್ಲಿ ಏನೇನು ಮಿಕ್ಕಿರುತ್ತೆ ಅನ್ನೋ ಮೂರು ಅಂಕಿಗಳನ್ನು ಆ ಊರಿನವರ ಮುಂದೆ ಇಡಬೇಕು. ಕೇಳೋಕೆ ಪಿಎಚ್‌ಡಿ ಬೇಕಾಗಿಲ್ಲ. ಮೊದಲ ಪಿಯುಸಿಯ ಮೊದಲ ಪಾಠ ಸಾಕು.